ರೋಹನ್ ಎಂಬ ಬಹುಮಾನ

ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರಲ್ಲಿ ರೋಹನ್ ರಾಜ್ಯವನ್ನು ಮೆಚ್ಚದವರು ಕಡಿಮೆ. ಹುಲ್ಲುಗಾವಲು, ಕುದುರೆ, ಕೊಟ್ಟ ಮಾತಿಗೆ ತಪ್ಪದ ಸವಾರರು. ಈ ರಾಜ್ಯ ಹುಟ್ಟಿದ್ದೇ ಬಹುಮಾನವಾಗಿ. ಕಥೆಯ ಕಾಲಗಣನೆಯಂತೆ ಮೂರನೆಯ ಯುಗದ 2510ರಲ್ಲಿ ಗೊಂಡೋರ್ ಸೋಲಿನ ಅಂಚಿನಲ್ಲಿದ್ದಾಗ ಉತ್ತರದಿಂದ ಎಯೊರ್ಲ್ ತನ್ನ ಸವಾರರೊಂದಿಗೆ ಬಂದು ಯುದ್ಧ ಗೆಲ್ಲಿಸಿಕೊಡುತ್ತಾನೆ. ಗೊಂಡೋರನ್ನು ಆಳುತ್ತಿದ್ದ ಕಿರಿಯೊನ್ ಇಡೀ ಕಲೆನಾರ್ಧೊನ್ ಸೀಮೆಯನ್ನೇ ಎಯೊರ್ಲ್‌ನ ಜನಕ್ಕೆ ಬಿಟ್ಟುಕೊಡುತ್ತಾನೆ.

ಕೊಡುವವನು ಉದಾರಿ, ಪಡೆಯುವವನು ನಿಷ್ಠ. ನೆತ್ತರುಕೊಡಗೆ, ಬಾಳ್ಗಚ್ಚು ಎಂಬ ಪದಗಳನ್ನು ಶಾಸನಗಳಲ್ಲಿ ಓದಿರುವ ನಮಗೆ ಈ ಲೆಕ್ಕ ಹೊಸದಲ್ಲ. ಟೋಲ್ಕಿನ್ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕ. ಬೆವುಲ್ಫ್‌ಗೂ ಅವನ ಒಡೆಯ ಭೂಮಿ ಕೊಡುತ್ತಾನೆಂಬುದು ಅವನಿಗೆ ಗೊತ್ತಿರದೆ ಇರುತ್ತದೆಯೇ? ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಕೊಟ್ಟ ನೆಲದಲ್ಲಿ ಆಗ ಯಾರಿದ್ದರು?

ಅನುಬಂಧದ ಒಂದು ವಾಕ್ಯ ಇದಕ್ಕೆ ಉತ್ತರ ಕೊಡುತ್ತದೆ, ಅದೂ ಬೇರೇನನ್ನೋ ಹೇಳುವ ಭರದಲ್ಲಿ. ಎಯೊರ್ಲ್‌ನ ಮೊಮ್ಮಗ ಆಲ್ಡೋರ್ ದೀರ್ಘಕಾಲ ಆಳಿದ, ಅವನ ಕಾಲದಲ್ಲಿ ರೋಹನ್ನಿನ ಜನ ಹೆಚ್ಚಿದರು, ಐಸೆನ್ ನದಿಯ ಪೂರ್ವಕ್ಕೆ ಉಳಿದಿದ್ದ ಡನ್‌ಲೆಂಡಿಂಗರನ್ನು ಓಡಿಸಿದರು ಅಥವಾ ಅಡಗಿಸಿದರು. ಅಷ್ಟೇ. ಮುಂದಿನ ವಾಕ್ಯಕ್ಕೆ ಹೋಗುವ ಅವಸರದಲ್ಲಿ ನಾವು ಇದನ್ನು ದಾಟಿಬಿಡುತ್ತೇವೆ.

ಡನ್‌ಲೆಂಡಿಂಗರು ಮಾತ್ರ ದಾಟಿಬಿಡುವುದಿಲ್ಲ. ಹೆಲ್ಮ್ಸ್ ಡೀಪ್ ಕೋಟೆಯ ಹೊರಗೆ ಅವರು ಕೂಗುತ್ತಿರುವಾಗ, ಒಳಗಿರುವ ಮುದುಕ ಗ್ಯಾಮ್ಲಿಂಗ್‌ಗೆ ಆ ಭಾಷೆ ಅರ್ಥವಾಗುತ್ತದೆ. ಐದು ಶತಮಾನ ಕಳೆದರೂ ಈ ಜನ ಆ ಕೊಡುಗೆಯನ್ನು ಮರೆತಿಲ್ಲ ಎಂದು ಅವನೇ ಹೇಳುತ್ತಾನೆ. ಇಡೀ ಕೃತಿಯಲ್ಲಿ ಅವರ ಅಹವಾಲು ಇಷ್ಟು ಸ್ಪಷ್ಟವಾಗಿ ಕೇಳುವುದು ಇಲ್ಲೇ, ಅದೂ ಶತ್ರುವಿನ ಬಾಯಲ್ಲಿ ಅನುವಾದವಾಗಿ. ಡನ್‌ಲೆಂಡಿಂಗ್ ಎಂಬ ಹೆಸರು ಕೂಡ ರೋಹನ್ನಿನವರು ಅವರ ಮೈಬಣ್ಣ, ಕೂದಲು ನೋಡಿ ಇಟ್ಟದ್ದು. ಟೋಲ್ಕಿನ್ ಹತ್ತಾರು ಭಾಷೆಗಳನ್ನು ಕಟ್ಟಿದವನು. ಎಲ್ಫ್‌ಗಳಿಗೆ ವ್ಯಾಕರಣ, ಲಿಪಿ, ಹಾಡು ಎಲ್ಲ ಕೊಟ್ಟ. ಡನ್‌ಲೆಂಡಿಂಗರ ಭಾಷೆಯಿಂದ ಕಾದಂಬರಿಗೆ ಬಂದಿರುವುದು ಒಂದೇ ಪದ: ‘ಫೊರ್ಗೊಯಿಲ್’, ಹುಲ್ಲುಗೂದಲಿನವರು ಎಂದು. ನೆಲ ಕಳೆದುಕೊಂಡವರ ನುಡಿಯಲ್ಲಿ ಉಳಿದದ್ದು ನೆಲ ಪಡೆದವರನ್ನು ಬಯ್ಯುವ ಪದ.

ಟೋಲ್ಕಿನ್ ಇದನ್ನು ಗಮನಿಸಿರಲಿಲ್ಲ ಎನ್ನಲು ನಾನು ತಯಾರಿಲ್ಲ. ಗ್ಯಾಮ್ಲಿಂಗ್‌ನಿಂದ ಆ ಮಾತು ಆಡಿಸಿದವನು ಅವನೇ. ಸೋತ ಡನ್‌ಲೆಂಡಿಂಗರನ್ನು ಯಾರೂ ಕೊಲ್ಲುವುದಿಲ್ಲ. ಕೋಟೆ ದುರಸ್ತಿ ಮಾಡಿಸಿ, ಇನ್ನು ಆಯುಧ ಹಿಡಿದು ಐಸೆನ್ ದಾಟುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಬಿಡುತ್ತಾರೆ. ಇದು ಕರುಣೆ, ನಿಜ. ಆದರೆ ಆ ಆಣೆಯೊಂದಿಗೆ ಐಸೆನ್ ನದಿಯೇ ಕಾಯಂ ಗಡಿಯಾಗುತ್ತದೆ. ನೆಲದ ಮಾತನ್ನು ಯಾರೂ ಎತ್ತುವುದಿಲ್ಲ.

ಇದರ ಪಕ್ಕದಲ್ಲೇ ಘಾನ್-ಬುರಿ-ಘಾನ್‌ನ ಪ್ರಸಂಗವಿದೆ. ರೋಹನ್ನಿನವರು ಮೃಗಗಳಂತೆ ಬೇಟೆಯಾಡಿದ್ದ ಕಾಡಿನ ಜನರ ನಾಯಕ ಅವನು. ಅವರ ಸೈನ್ಯಕ್ಕೆ ಗುಪ್ತದಾರಿ ತೋರಿಸಿದ ಮೇಲೆ ಅರಗಾರ್ನ್ ದ್ರೂಆದನ್ ಕಾಡನ್ನು ಅವನ ಜನಕ್ಕೆ ಬರೆದುಕೊಡುತ್ತಾನೆ. ಓದುವಾಗ ಮನಸ್ಸು ತಣಿಯುತ್ತದೆ. ಆದರೆ ಮೊದಲೇ ಅವರದಾಗಿದ್ದ ಕಾಡು ಅವರಿಗೆ ಸಿಕ್ಕಿದ್ದು ಹಕ್ಕಾಗಿ ಅಲ್ಲ, ದಾರಿ ತೋರಿಸಿದ್ದಕ್ಕೆ ಕೂಲಿಯಾಗಿ. ಡನ್‌ಲೆಂಡಿಂಗರು ಯಾರಿಗೂ ದಾರಿ ತೋರಿಸಲಿಲ್ಲ.