ಸಂಗ್ರಹದ ಸುಖ, ಸಂಗ್ರಹದ ಹೊಣೆ

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸಕ್ಕೆ ಈಚೆಗೆ ಹೊಸದೊಂದು ಮರ್ಯಾದೆ ಬಂದಿದೆ. ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಸೇರಿಸುವವರು ಹಿಂದಿನಿಂದಲೂ ಇದ್ದರು. ಈಗ ಗ್ರಾಮಫೋನ್ ತಟ್ಟೆಗಳನ್ನು, ಹಳೆಯ ಕ್ಯಾಮೆರಾಗಳನ್ನು ಹುಡುಕಿಕೊಂಡು ಅಲೆಯುವವರು ಆ ಸಾಲಿಗೆ ಬಂದು ನಿಂತಿದ್ದಾರೆ. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಗುಜರಿಯ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ತಟ್ಟೆಯ ಧೂಳು ಒರೆಸುವವರಲ್ಲಿ ತರುಣರೂ ಇದ್ದಾರೆ. ಇದು ನಮ್ಮೂರಿನ ಹುಚ್ಚು ಮಾತ್ರವಲ್ಲ. ಅಮೆರಿಕದಲ್ಲಿ ೨೦೨೨ರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷದಷ್ಟು ತಟ್ಟೆಗಳು ಮಾರಾಟವಾದವು, ಸಿ.ಡಿ.ಗಳು ಮೂರು ಕೋಟಿ ಮೂವತ್ತು ಲಕ್ಷಕ್ಕೆ ನಿಂತವು. ತಟ್ಟೆಯ ಕೈ ಹೀಗೆ ಮೇಲಾದದ್ದು ೧೯೮೭ರ ತರುವಾಯ ಅದೇ ಮೊದಲು. ಹೀಗಿರುವಾಗ ಇದನ್ನು ಕೆಲವರ ಖಯಾಲಿಯೆಂದು ನಕ್ಕು ಬಿಡುವಂತಿಲ್ಲ. ಇದೊಂದು ಅಭಿರುಚಿ, ಅಭಿರುಚಿ ಇದ್ದಲ್ಲಿ ವಿಮರ್ಶೆಗೂ ಕೆಲಸವುಂಟು.

ಮೊದಲು ಸುಖದ ಮಾತು. ಅದನ್ನು ಅಲ್ಲಗಳೆಯುವುದು ಅರಸಿಕತನವಾದೀತು. ಹತ್ತಂಗುಲದ ಕಪ್ಪು ತಟ್ಟೆ ಕೈಗೆ ಬಂದಾಗ ಅದರ ತೂಕವೇ ಒಂದು ಮಾತು ಹೇಳುತ್ತದೆ. ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು, ಒಂದು ಮಗ್ಗುಲು ಮುಗಿಯುತ್ತಲೇ ಎದ್ದು ತಿರುವಿ ಹಾಕಬೇಕು. ಹೀಗೆ ಮೈಗೆ ಕೆಲಸ ಕೊಡುವ ಹಾಡಿಗೆ ಮನಸ್ಸು ಕೂಡ ಎದ್ದು ಕುಳಿತುಕೊಳ್ಳುತ್ತದೆ. ಇನ್ನೊಂದು ಸಂಗತಿಯನ್ನು ನಮ್ಮ ಸೀಮೆಯವರು ವಿಶೇಷವಾಗಿ ನೆನೆಯಬಹುದು. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಆ ತಟ್ಟೆಗಳಿಗೆ ಜೀವದ್ರವ್ಯವಾಗಿದ್ದುದು ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ. ಬೊಂಬೆಯ ಮೇಲೆ ಬಣ್ಣವನ್ನು ಹಿಡಿದು ನಿಲ್ಲಿಸಿದ ಕೀಟದ ಅಂಟು ತಟ್ಟೆಯ ಮೇಲೆ ದನಿಯನ್ನು ಹಿಡಿದು ನಿಲ್ಲಿಸಿತು. ಅಮೆರಿಕದಲ್ಲಿ ೧೯೪೮ರಲ್ಲಿ ವಿನೈಲಿನ ದೀರ್ಘ ತಟ್ಟೆ ಬಂದ ಮೇಲೂ ನಮ್ಮ ದೇಶದಲ್ಲಿ ಅರಗಿನ ತಟ್ಟೆ ಬಹುಕಾಲ ಬಾಳಿತು.

ಆದರೆ ತಟ್ಟೆ ಬರಿಯ ವಸ್ತುವಲ್ಲ, ಅದೊಂದು ಪಾಠ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೆ. ಕನ್ನಡ ಅಧ್ಯಾಪಕರು ‘ಪಾಠ’ವೆಂದರೆ ಓಲೆಗರಿಯ ಪಾಠವನ್ನು ನೆನೆಯುವುದು ವಾಡಿಕೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನಮಗೆ ಕಲಿಸಿದ್ದೇನು? ಪ್ರತಿ ಹಳೆಯದೆಂಬ ಕಾರಣಕ್ಕೆ ಪೂಜೆಗೆ ಅರ್ಹವಲ್ಲ. ಅದರ ಪಾಠವೇನು, ಅದು ಎಲ್ಲಿಂದ ಬಂತು, ಬೇರೆ ಪ್ರತಿಯೊಡನೆ ಹೋಲಿಸಿದರೆ ಹೇಗೆ ನಿಲ್ಲುತ್ತದೆ ಎಂಬುದನ್ನು ಕೇಳಬೇಕು. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ೧೯೦೯ರಲ್ಲಿ ಅಚ್ಚು ಮಾಡಿಸುವ ತನಕ ಅದು ಬರಿಯ ಗರಿಯಾಗಿತ್ತು. ಓದಿದ ಮೇಲೆ ಗ್ರಂಥವಾಯಿತು. ತಟ್ಟೆಯ ಗತಿಯೂ ಬೇರೆಯಲ್ಲ.

ತಟ್ಟೆಯನ್ನು ಪಾಠವೆಂದು ಓದುವುದು ಹೇಗೆ? ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡರು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಕೇಳಿದವರು ಅದನ್ನು ಜಂಬವೆಂದುಕೊಂಡಾರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಲು ಈ ಕೂಗು. ನಮ್ಮ ಹಳೆಯ ಕವಿಗಳು ಪದ್ಯದ ಕೊನೆಯಲ್ಲಿ ಅಂಕಿತವಿಟ್ಟಂತೆಯೇ ಇದು, ಆದರೆ ದೈವಕ್ಕಲ್ಲ, ಕಾರ್ಖಾನೆಗೆ! ಆ ಗೌಹರ್ ಜಾನ್ ೧೯೨೮ರಲ್ಲಿ ಮೈಸೂರು ಅರಮನೆಯ ವಿದುಷಿಯಾಗಿ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು. ಅವಳ ಕಥೆಯನ್ನು ವಿಕ್ರಂ ಸಂಪತ್ ೨೦೧೦ರಲ್ಲಿ ಪುಸ್ತಕವಾಗಿ ತಂದರು. ಅಂಥ ತಟ್ಟೆಗಳನ್ನು ಗಣಕಕ್ಕೆ ಇಳಿಸಿ ಎಲ್ಲರ ಕಿವಿಗೂ ಎಟಕುವಂತೆ ಮಾಡುವ ಕೆಲಸಕ್ಕೂ ಬೆಂಗಳೂರಿನಲ್ಲಿ ಕೈಹಾಕಿದರು. ಸಂಗ್ರಹ ಸಂಪಾದನೆಯಾದದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಹತ್ತಂಗುಲದ ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು ನಿಮಿಷ ಚಿಲ್ಲರೆ. ಈ ಮೂರು ನಿಮಿಷ ಕನ್ನಡದ ಹಾಡಿಗೆ ಏನು ಮಾಡಿತೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಕೇಳಿಯೇ ಇಲ್ಲ. ರಂಗದ ಮೇಲೆ ‘ಒನ್ಸ್ ಮೋರ್’ ಬಿದ್ದಷ್ಟೂ ಬೆಳೆಯುತ್ತಿದ್ದ ಕಂಪನಿ ನಾಟಕದ ಹಾಡು ತಟ್ಟೆಗೆ ಬಂದಾಗ ಸೊಂಟ ಕಟ್ಟಿ ನಿಲ್ಲಬೇಕಾಯಿತು. ಬಿ.ಎಸ್. ರಾಜಯ್ಯಂಗಾರ್ಯರ ‘ಜಗದೋದ್ಧಾರನ’ ತಟ್ಟೆ ಮನೆಮನೆಯಲ್ಲಿ ಹಾಡಿತು. ಅಲ್ಲಿ ಆಲಾಪನೆಗೆ ಎಡೆಯಿಲ್ಲ, ಸ್ವರಪ್ರಸ್ತಾರಕ್ಕೆ ಹೊತ್ತಿಲ್ಲ. ಉಳಿದದ್ದು ಮಾತು ಮತ್ತು ಭಾವ. ಪುರಂದರದಾಸರ ಪದವನ್ನು ಕಚೇರಿಯ ರಸಿಕರಿಗಿಂತ ಅಡುಗೆಮನೆಯ ಹೆಂಗಸರು ಹೆಚ್ಚಾಗಿ ಕಲಿತುಕೊಂಡದ್ದು ಈ ಬಿಗುವಿನಿಂದಲೇ ಎಂದು ನನ್ನ ಎಣಿಕೆ. ಇನ್ನು ಪಿ. ಕಾಳಿಂಗರಾಯರು ರಾಜರತ್ನಂ ಅವರ ರತ್ನನ ಪದಗಳನ್ನು ಹಾಡಿದ್ದನ್ನು ಕೇಳಿ. ಅಚ್ಚಿನಲ್ಲಿ ಆ ಆಡುಮಾತು ಕಾಗುಣಿತದ ಚಮತ್ಕಾರವಾಗಿ ಕಾಣಬಹುದು; ಕಾಳಿಂಗರಾಯರ ಕಂಠದಲ್ಲಿ ಅದು ಮನುಷ್ಯನ ಮಾತು. ಹಾಡುಗಾರ ಯಾವ ನುಡಿಯನ್ನು ಬಿಟ್ಟ, ಯಾವ ಸಾಲನ್ನು ಮರುಕಳಿಸಿದ, ಎಲ್ಲಿ ಉಸಿರು ಹಿಡಿದ ಎಂಬುದೆಲ್ಲ ಆ ಕವಿತೆಯ ಪಾಠಾಂತರವೇ ಸರಿ.

ಕೆಲವರ ಪಾಲಿಗಂತೂ ತಟ್ಟೆಯೊಂದೇ ಗತಿ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ೧೯೪೩ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು; ೧೯೬೫ರಲ್ಲಿ ತೀರಿಕೊಂಡಳು. ರಹಮತ್ ತರೀಕೆರೆ ಅವರು ಅವಳ ಜೀವನವನ್ನು ಕುರಿತು ಕನ್ನಡದಲ್ಲಿ ಬರೆದಿದ್ದಾರೆ. ಆದರೆ ಅವಳ ದನಿಯನ್ನು ಯಾವ ಲೇಖನಿ ಬರೆದೀತು? ಕನ್ನಡದ ಮೊದಲ ವಾಕ್ಚಿತ್ರ, ೧೯೩೪ರ ‘ಸತಿ ಸುಲೋಚನಾ’, ಇಂದು ನೋಡಲು ಸಿಕ್ಕುವುದಿಲ್ಲ. ಕಣ್ಣಿಗೆ ದಕ್ಕಿದ್ದನ್ನು ಹೀಗೆ ಕಳೆದುಕೊಂಡ ನಾವು ಕಿವಿಗೆ ದಕ್ಕಿದ್ದನ್ನು ಕಳೆದುಕೊಳ್ಳಬೇಕೆ?

ಸಂಗ್ರಹಕಾರ ಎಷ್ಟು ಎತ್ತರಕ್ಕೆ ಹೋಗಬಲ್ಲನೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಜಯಚಾಮರಾಜ ಒಡೆಯರಲ್ಲಿ ಸುಮಾರು ೨೦,೦೦೦ ತಟ್ಟೆಗಳಿದ್ದುವೆಂದು ಅಂದಾಜು. ಅವರು ಕೂಡಿಟ್ಟು ಬೀಗ ಹಾಕಿದವರಲ್ಲ, ಕೇಳಿದವರು. ಲಂಡನ್ನಿನಲ್ಲಿ ಬಡತನದಲ್ಲಿ ಬಾಳುತ್ತಿದ್ದ ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳು ತಟ್ಟೆಯಲ್ಲಿ ಸಿಕ್ಕುವುದಿಲ್ಲವೆಂದು ಕಂಡಾಗ ತಾವೇ ಹಣ ಕೊಟ್ಟು ಅವುಗಳ ಮುದ್ರಣಕ್ಕೆ ಏರ್ಪಾಡು ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಹಾಡುಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊದಲ ಬಾರಿ ಸಭೆಗೆ ಬಂದಾಗ ಆ ಕಾರ್ಯಕ್ರಮಕ್ಕೆ ಹಣದ ಭರವಸೆ ಕೊಟ್ಟವರೂ ಇವರೇ. ಅಂದಿನ ಗಾನವನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಕರಾರು. ಗರಗರ ಸದ್ದಿನ ನಡುವೆಯಾದರೂ ಆ ಸಂಜೆಯ ಹಾಡು ಇಂದಿಗೂ ಉಳಿದಿದೆ. ಇದು ಅರಸರ ಭಾಗ್ಯ, ನಮ್ಮದಲ್ಲ ಎನ್ನಬಹುದು. ಹಣ ಅರಸರದು, ಒಪ್ಪಿದೆ. ಇಲ್ಲದ್ದನ್ನು ಕೇಳಬೇಕೆಂಬ ಹಸಿವಿಗೆ ಅರಸುತನ ಬೇಡ.

ಕ್ಯಾಮೆರಾದ ವಿಚಾರ ಬೇರೆ. ಸಂಗ್ರಹಕಾರರು ಎರಡನ್ನೂ ಒಂದೇ ಬೀರುವಿನಲ್ಲಿ ಇಡುತ್ತಾರೆ. ವಿಮರ್ಶಕ ಬೇರೆ ಬೇರೆಯಾಗಿಯೇ ಇಡಬೇಕು. ತಟ್ಟೆಯಲ್ಲಿ ಹಾಡು ಇದೆ. ಕ್ಯಾಮೆರಾದಲ್ಲಿ ಚಿತ್ರವಿಲ್ಲ, ತೆಗೆದ ಚಿತ್ರಗಳೆಲ್ಲ ಹೊರಗೆ ಹೋಗಿವೆ. ಮಡಿಸುವ ತೊಗಲಿನ ತಿದಿ, ಹಿತ್ತಾಳೆಯ ಅಂಚು, ಗುಂಡಿ ಒತ್ತಿದರೆ ಬರುವ ಆ ‘ಟಿಕ್’ ಸದ್ದು ಎಲ್ಲವೂ ಮನೋಹರ. ಮಧ್ಯಮ ವರ್ಗದ ಮನೆಗಳಿಗೆ ಬಂದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಸುರುಳಿಗೆ ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ನಾಮಕರಣವೂ ಆಗಬೇಕು, ತಿರುಪತಿ ಯಾತ್ರೆಯೂ ಮುಗಿಯಬೇಕು. ಮೂರು ನಿಮಿಷ ಹಾಡನ್ನು ಬಿಗಿದಂತೆ ಹನ್ನೆರಡರ ಲೆಕ್ಕ ಕಣ್ಣನ್ನು ಬಿಗಿಯಿತು. ಉದಕಮಂಡಲದಲ್ಲಿ ಸರ್ಕಾರವೇ ೧೯೬೦ರಲ್ಲಿ ಸ್ಥಾಪಿಸಿದ ಫಿಲಂ ಕಾರ್ಖಾನೆಯ ‘ಇಂದು’ ಸುರುಳಿಗಳನ್ನು ಬಳಸಿದವರು ಇನ್ನೂ ಇದ್ದಾರೆ, ಕಾರ್ಖಾನೆ ಮುಚ್ಚಿಹೋಯಿತು. ಇಷ್ಟಾದರೂ ಚಿತ್ರವಿಲ್ಲದ ಕ್ಯಾಮೆರಾ, ಪದ್ಯಗಳು ಕಳೆದುಹೋದ ಕವಿಯ ಲೇಖನಿಯಂತೆ. ಮೈಸೂರಿನ ಟಿ.ಎಸ್. ಸತ್ಯನ್ ಹಿಡಿದಂಥ ಯಂತ್ರ ಇಂದು ಹಣಕ್ಕೆ ಸಿಕ್ಕೀತು. ಸತ್ಯನ್ನರ ಕಣ್ಣು ಅವರ ಚಿತ್ರಗಳಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು? ಊರೂರಿನ ಸ್ಟುಡಿಯೋಗಳು ಬಾಗಿಲು ಹಾಕಿದಾಗ ಕ್ಯಾಮೆರಾಗಳಿಗೆ ಗಿರಾಕಿಗಳು ಬಂದರು. ಮೂರು ತಲೆಮಾರಿನ ಮುಖಗಳಿದ್ದ ನೆಗೆಟಿವ್ ಡಬ್ಬಗಳನ್ನು ಕೇಳಿದವರು ವಿರಳ. ಹೀಗಾಗಿ ಕ್ಯಾಮೆರಾ ಸಂಗ್ರಹಕಾರನಿಗೆ ಹೊಣೆ ಇಮ್ಮಡಿ: ಪೆಟ್ಟಿಗೆಯ ಜೊತೆಗೆ ಅದು ಕಂಡದ್ದನ್ನೂ ಹುಡುಕಬೇಕು.

ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ತಿಪ್ಪಸಂದ್ರದಲ್ಲಿ. ಬೆಂಗಳೂರಿನ ಬಡಾವಣೆಯಲ್ಲ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ಅಲ್ಲಿಯ ಒಂದು ಹಳೆಯ ಮನೆಯಲ್ಲಿ ಗ್ರಾಮಫೋನ್ ಇತ್ತು. ಬೆಂಗಳೂರಿನಿಂದ ಬಂದ ಒಬ್ಬರು ಅದರ ಹಿತ್ತಾಳೆಯ ಕೊಂಬಿಗೆ ಮನಸೋತು, ಕೇಳಿದ ಬೆಲೆ ಕೊಟ್ಟು ಯಂತ್ರವನ್ನು ಒಯ್ದರು. ತಟ್ಟೆಗಳನ್ನು ಭಾರವೆಂದು ಬಿಟ್ಟರು. ಅವು ಟ್ರಂಕಿನಲ್ಲಿ ಅಟ್ಟದ ಮೇಲೆ ಉಳಿದುವು. ಮನೆಯ ಅಜ್ಜಿಯನ್ನು ಕೇಳಿದೆ.

“ಅದೆಲ್ಲ ನಮ್ಮಾವನೋರು ತಂದಿದ್ದು ಮೇಷ್ಟ್ರೆ. ಮದ್ವೆ ಅಂದ್ರೆ ಎತ್ತಿನಗಾಡೀಲಿ ಇಟ್ಕಂಡು ಹೋಗೋರು. ಇದು ಧಾರೆ ಆದ್ಮೇಲೆ ಹಾಕೋದು, ಇದು ಹೆಣ್ಣು ಕಳ್ಸೋವಾಗ.”

ತಟ್ಟೆಗಳ ನಡುವಣ ಕಾಗದ ಸವೆದು ಹೆಸರು ಅಳಿಸಿಹೋಗಿತ್ತು. ಅಂಚಿನ ಒಂದು ಸೀಳನ್ನು ಬೆರಳಿನಿಂದ ಸವರಿಯೇ ಆಕೆ ಯಾವುದು ಯಾವುದೆಂದು ಹೇಳಿದರು. ಹೆಣ್ಣು ಕಳಿಸುವ ಹೊತ್ತಿನಲ್ಲಿ ಊರವರು ಕೇಳುತ್ತಿದ್ದ ಹಾಡು ಯಾವುದೆಂಬುದು ಯಾವ ಕಂಪನಿಯ ಪಟ್ಟಿಯಲ್ಲಿಯೂ ಸಿಕ್ಕುವುದಲ್ಲ. ಬೈಠಕ್‌ಖಾನೆಯ ಕೊಂಬಿಗೆ ಆ ಮಾತು ಗೊತ್ತಿಲ್ಲ. ಸಂಗ್ರಹಕಾರರ ಸಂಭಾಷಣೆಯನ್ನು ಕೇಳಿ ನೋಡಿ: ‘ಅಪರೂಪ’ ಎಂಬ ಶಬ್ದ ಹತ್ತು ಸಲ ಬರುತ್ತದೆ, ‘ಸೊಗಸು’ ಎಂಬುದು ಒಮ್ಮೆ ಬಂದರೆ ಹೆಚ್ಚು. ಅಪರೂಪವೆಂಬುದು ಪೇಟೆಯ ಮಾತು, ಸೊಗಸೆಂಬುದು ರಸಿಕನ ಮಾತು. ಎರಡೂ ಬೇಕು, ಮೊದಲನೆಯದೇ ಎರಡನೆಯದನ್ನು ನುಂಗಿದರೆ ಸಂಗ್ರಹ ದಾಸ್ತಾನಾಗುತ್ತದೆ.

ಬೇರೆ ದಾರಿ ಇಲ್ಲವೆ? ಇದೆ, ಮಾಗಡಿಗೆ ದೂರವೂ ಅಲ್ಲ. ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಜಾನಪದ ಪರಿಷತ್ತನ್ನು ಸ್ಥಾಪಿಸಿ, ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಅಲ್ಲಿ ರಾಗಿಕಲ್ಲು, ಬುಟ್ಟಿ, ಗುಡಾಣ, ಗೊಂಬೆಗಳಿವೆ. ಅಷ್ಟೇ ಆಗಿದ್ದರೆ ಅದು ದೊಡ್ಡದೊಂದು ಅಟ್ಟವಾಗುತ್ತಿತ್ತು. ಗೌಡರು ಹಾಡುವವರ ಮುಂದೆ ಧ್ವನಿಮುದ್ರಣ ಯಂತ್ರವಿಟ್ಟು ಹಾಡನ್ನೂ ಹಿಡಿದರು, ಕುಣಿತವನ್ನು ಚಿತ್ರದಲ್ಲಿ ಹಿಡಿದರು. ಬೀಸುವ ಕಲ್ಲಿನ ಜೊತೆಗೆ ಬೀಸುವ ಪದವನ್ನೂ ಕೂಡಿಸಬೇಕೆಂಬ ವಿವೇಕ ಅವರಿಗಿತ್ತು. ಗ್ರಾಮಫೋನ್ ತಟ್ಟೆಗೂ ಸ್ಟುಡಿಯೋ ಚಿತ್ರಕ್ಕೂ ಅದೇ ವಿವೇಕ ಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಾಡೆಲ್ಲ ಈಗ ಅಂಗೈಯ ಫೋನಿನಲ್ಲಿಯೇ ಸಿಕ್ಕುತ್ತದೆ. ಒಡೆಯುವ ತಟ್ಟೆಯನ್ನು ಕಾಪಾಡಿ ಆಗಬೇಕಾದ್ದೇನು? ಸಿಕ್ಕುವುದು ಯಾರೋ ಇಳಿಸಿಟ್ಟದ್ದು ಮಾತ್ರ ಎಂಬುದನ್ನು ನಾವು ಮರೆಯುತ್ತೇವೆ. ಇಳಿಸದೆ ಉಳಿದದ್ದು ಒಂದು ಸಲ ಕೈಜಾರಿ ಬಿದ್ದರೆ ಮುಗಿಯಿತು. ಅರಗು ಗಾಜಿನಂತೆ ಚೂರಾಗುತ್ತದೆ. ಮೇಲಾಗಿ, ಅಚ್ಚಾದ ಗ್ರಂಥವಿದೆಯೆಂದು ಯಾರೂ ಓಲೆಯ ಪ್ರತಿಯನ್ನು ಒಲೆಗೆ ಹಾಕುವುದಿಲ್ಲ. ಸಂದೇಹ ಬಂದ ದಿನ ಮೂಲವನ್ನೇ ನೋಡಬೇಕು.

ಆದ್ದರಿಂದ ಸಂಗ್ರಹಕಾರರಲ್ಲಿ ಒಂದು ಬಿನ್ನಹ. ಕೊಳ್ಳುವಾಗ ಬೆಲೆಯ ಜೊತೆಗೆ ನಾಲ್ಕು ಮಾತು ಕೇಳಿ: ಇದು ಯಾರ ಮನೆಯದು, ಯಾವಾಗ ಹಾಕುತ್ತಿದ್ದರು, ಯಾರು ಕೇಳುತ್ತಿದ್ದರು, ಈ ಚಿತ್ರದಲ್ಲಿರುವವರು ಯಾರು. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಲಕೋಟೆಯೊಳಗೆ ಇಡಿ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಗಾದೆ, ಒಗಟುಗಳ ಸಂಗ್ರಹಕ್ಕೆ ಹಳ್ಳಿಗಳಿಗೆ ಕಳಿಸುತ್ತವೆ. ಅಟ್ಟದ ಮೇಲಿನ ಟ್ರಂಕುಗಳ ಪಟ್ಟಿಯನ್ನೂ ಅವರಿಂದ ಮಾಡಿಸಬಹುದು. ಇದಕ್ಕೆ ಅನುದಾನ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಅರಗು ಇನ್ನೂ ನೂರು ವರ್ಷ ಬಾಳೀತು. ಯಾವ ಹಾಡು ಯಾವ ಹೊತ್ತಿನದೆಂದು ಸೀಳು ಸವರಿ ಹೇಳಬಲ್ಲ ಬೆರಳುಗಳಿಗೆ ಅಷ್ಟು ಕಾಲವಿಲ್ಲ.