ಗಂಧರ್ವರ ಗರ್ವ: ಯಕ್ಷಗಾನದಲ್ಲಿ ಒಂದು ಅಮಾನುಷ ಜನದ ರೂಪಕಲ್ಪನೆ

ಯಕ್ಷಗಾನದ ಪಾತ್ರಗಳನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಎರಡು ತುದಿಗಳ ಕಡೆಗೆ ವಾಲುತ್ತವೆ. ಒಂದು ತುದಿಯಲ್ಲಿ ಅರ್ಜುನ, ಕರ್ಣ, ಸುಧನ್ವರಂತಹ ಮಾನವ ವೀರರು. ಇನ್ನೊಂದು ತುದಿಯಲ್ಲಿ ಬಣ್ಣದ ವೇಷದ ರಾಕ್ಷಸರು. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು, ತೆರೆಯ ಹಿಂದಿನಿಂದ ಅಟ್ಟಹಾಸ ಮಾಡುತ್ತ ಬರುವ ವೇಷವನ್ನು ವಿದ್ವಾಂಸರು ಎಷ್ಟು ವರ್ಣಿಸಿದರೂ ಸಾಲದು ಎನ್ನುವಂತೆ ವರ್ಣಿಸಿದ್ದಾರೆ. ಈ ಎರಡರ ನಡುವೆ ನಿಲ್ಲುವ ಒಂದು ಜನವಿದೆ. ಅವರು ರಾಕ್ಷಸರಲ್ಲ, ದೇವತೆಗಳ ಸಾಲಿನವರೂ ಅಲ್ಲ, ಮನುಷ್ಯರಂತೂ ಅಲ್ಲವೇ ಅಲ್ಲ. ಸುಂದರರು, ಸಂಗೀತಜ್ಞರು, ಜಲಕ್ರೀಡಾಸಕ್ತರು, ಯುದ್ಧದಲ್ಲಿ ಮಾಯಾವಿಗಳು. ಎಲ್ಲಕ್ಕಿಂತ ಮಿಗಿಲಾಗಿ ಅಭಿಮಾನಿಗಳು. ಗಂಧರ್ವರನ್ನು ರಂಗದ ಮೇಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಯಕ್ಷಗಾನ ಕೊಟ್ಟ ಉತ್ತರವು ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿದೆ. ಆ ಉತ್ತರ ಈಗ ಕ್ರಮೇಣ ಮಸುಕಾಗುತ್ತಿರುವುದರಿಂದ ಪರಿಶೀಲನೆಯ ಅಗತ್ಯ ಇನ್ನಷ್ಟು ಹೆಚ್ಚಿದೆ.

ಈ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಆಟ ಆರಂಭವಾಯಿತು. ಭಾಗವಹಿಸಿದವರೇ ವೇಷ ತೊಟ್ಟು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಪಾತ್ರವಾಗಿಯೇ ಮಾತಾಡುತ್ತ ಕಾದಾಡುತ್ತ ಕಳೆಯುವ ಆಟವದು. ‘ಲೈವ್ ಆ್ಯಕ್ಷನ್ ರೋಲ್‌ಪ್ಲೇ’ ಎಂದು ಕರೆಯಲಾಗುವ ಈ ಬಗೆಯ ಆಟಗಳಲ್ಲಿ ಎಲ್ಫ್ ಎಂಬ ಸುಂದರ, ದೀರ್ಘಾಯುಷಿ, ಗರ್ವಿಷ್ಠ ಜನಕ್ಕೆ ವಿಶೇಷ ಸ್ಥಾನವಿದೆ. ಅದರ ಹಿಂದೆ ಜೆ.ಆರ್.ಆರ್. ಟೋಲ್ಕಿನ್‌ನ ಕೃತಿಗಳ ಪ್ರಭಾವವಿದೆ. ಅವನ ಮರಣಾನಂತರ 1977ರಲ್ಲಿ ಪ್ರಕಟವಾದ ‘ದಿ ಸಿಲ್ಮರಿಲಿಯನ್’ ಕೃತಿಯಲ್ಲಿ ಎಲ್ಫ್‌ಗಳ ಗರ್ವಕ್ಕೆ ಒಂದು ಪ್ರತಿಜ್ಞೆ, ಒಂದು ನಷ್ಟ, ಒಂದು ದೇಶತ್ಯಾಗದ ಚರಿತ್ರೆ ಇದೆ. ಚರಿತ್ರೆಯನ್ನು ಬಿಟ್ಟು ಗರ್ವವನ್ನು ಮಾತ್ರ ಎತ್ತಿಕೊಂಡರೆ ಉಳಿಯುವುದು ಚೂಪು ಕಿವಿ ಮತ್ತು ಎತ್ತಿದ ಗಲ್ಲ. ಗಂಧರ್ವ ವೇಷಕ್ಕೆ ಒದಗಿರುವ ಅಪಾಯವೂ ಬಹುಮಟ್ಟಿಗೆ ಇದೇ ಸ್ವರೂಪದ್ದು. ಪ್ರೇಕ್ಷಕರಿಲ್ಲದೆ ವೇಷ ತೊಟ್ಟು ಆಶುಮಾತಿನಲ್ಲಿ ಆಡುವ ಆ ಆಟಕ್ಕೂ, ವೇಷವಿಲ್ಲದೆ ಪ್ರೇಕ್ಷಕರ ಮುಂದೆ ಆಶುಮಾತಿನಲ್ಲಿ ಆಡುವ ತಾಳಮದ್ದಳೆಗೂ ಇರುವ ದೂರ ಮೇಲುನೋಟಕ್ಕೆ ತೋರುವಷ್ಟು ದೊಡ್ಡದಲ್ಲ. ಎರಡರಲ್ಲಿಯೂ ಪಾತ್ರದ ಕುಲವನ್ನು ಮಾತಿನಿಂದ ಆ ಕ್ಷಣದಲ್ಲೇ ಸೃಷ್ಟಿಸಬೇಕು.

ಗಂಧರ್ವಕಲ್ಪನೆಯ ಮೂಲದ್ರವ್ಯವಿರುವುದು ಮಹಾಭಾರತದ ಆದಿಪರ್ವದಲ್ಲಿ. ಅರಗಿನ ಮನೆಯಿಂದ ಪಾರಾಗಿ, ಏಕಚಕ್ರವನ್ನು ಬಿಟ್ಟು ಪಾಂಚಾಲದ ಕಡೆಗೆ ರಾತ್ರಿಯಲ್ಲಿ ನಡೆಯುತ್ತಿರುವ ಪಾಂಡವರು ಗಂಗೆಯ ದಡಕ್ಕೆ ಬರುತ್ತಾರೆ. ಮುಂದೆ ಕೊಳ್ಳಿ ಹಿಡಿದ ಅರ್ಜುನ. ಅಲ್ಲಿ ಸ್ತ್ರೀಯರೊಡನೆ ಜಲಕ್ರೀಡೆಯಲ್ಲಿದ್ದ ಅಂಗಾರಪರ್ಣನೆಂಬ ಗಂಧರ್ವ ಅವರನ್ನು ತಡೆಯುತ್ತಾನೆ. ಅವನ ವಾದವನ್ನು ಗಮನಿಸಬೇಕು. ಸಂಧ್ಯೆಯ ಮೊದಲ ಕೆಲವು ಕ್ಷಣಗಳನ್ನು ಬಿಟ್ಟರೆ ಇರುಳಿನ ಹೊತ್ತು ಯಕ್ಷ, ಗಂಧರ್ವ, ರಾಕ್ಷಸರ ಸಂಚಾರಕ್ಕೆ ಮೀಸಲು. ಉಳಿದ ಕಾಲ ಮನುಷ್ಯರದು. ಹೊತ್ತಲ್ಲದ ಹೊತ್ತಿನಲ್ಲಿ ನೀರಿಗಿಳಿಯುವವರನ್ನು ಬಲ್ಲವರು ನಿಂದಿಸುತ್ತಾರೆ. ಈ ಕಾಡಿಗೂ ತನ್ನದೇ ಹೆಸರು, ತಾನು ಕುಬೇರನ ಸಖ. ಇದು ಬರಿಯ ಬೆದರಿಕೆಯಲ್ಲ. ಕಾಲವನ್ನು ಹಂಚಿಕೊಂಡ ಎರಡು ಜನಗಳ ನಡುವಿನ ಒಂದು ಒಪ್ಪಂದವನ್ನು ಅವನು ನೆನಪಿಸುತ್ತಿದ್ದಾನೆ. ರಾಕ್ಷಸ ‘ತಿನ್ನುತ್ತೇನೆ’ ಎನ್ನುತ್ತಾನೆ. ಗಂಧರ್ವ ‘ಇದು ನಿನ್ನ ಹೊತ್ತಲ್ಲ’ ಎನ್ನುತ್ತಾನೆ. ಗರ್ವಕ್ಕೆ ಆಧಾರವಾಗಿ ಒಂದು ನ್ಯಾಯವಿದೆ, ಆ ನ್ಯಾಯ ಕೇಳುವವನಿಗೆ ಒಪ್ಪಿಗೆಯಾಗದಿದ್ದರೂ ಸರಿ.

ಅರ್ಜುನನ ಪ್ರತಿವಾದವೂ ನ್ಯಾಯದ ನೆಲೆಯಲ್ಲೇ ಇದೆ. ಸಮುದ್ರ, ಹಿಮವಂತನ ತಪ್ಪಲು, ಗಂಗೆ ಇವು ಹಗಲಾಗಲಿ ಇರುಳಾಗಲಿ ಯಾರೊಬ್ಬರ ಸ್ವತ್ತೂ ಅಲ್ಲವೆಂಬುದು ಅವನ ನಿಲುವು. ಆಗ್ನೇಯಾಸ್ತ್ರದಿಂದ ಗಂಧರ್ವನ ರಥ ಸುಡುತ್ತದೆ, ಅವನು ಸೆರೆಯಾಗುತ್ತಾನೆ. ಹೆಂಡತಿ ಕುಂಭೀನಸಿ ಧರ್ಮರಾಜನ ಮೊರೆಹೊಕ್ಕು ಅವನನ್ನು ಬಿಡಿಸುತ್ತಾಳೆ. ಅನಂತರದ ಭಾಗ ಇನ್ನೂ ಸ್ವಾರಸ್ಯಕರ. ಸೋತ ಗಂಧರ್ವ ತನ್ನ ಹೆಸರನ್ನೇ ಬಿಟ್ಟುಕೊಡುತ್ತಾನೆ. ಚಿತ್ರರಥನಾಗಿದ್ದವನು ಇನ್ನು ದಗ್ಧರಥನೆನ್ನುತ್ತಾನೆ. ಬಯಸಿದ್ದನ್ನು ಕಾಣಬಲ್ಲ ಚಾಕ್ಷುಷೀ ವಿದ್ಯೆಯನ್ನೂ ಗಂಧರ್ವಲೋಕದ ಕುದುರೆಗಳನ್ನೂ ಕೊಡಲು ಮುಂದಾಗುತ್ತಾನೆ. ಪುರೋಹಿತನಿಲ್ಲದೆ ತಿರುಗುವುದು ಸಲ್ಲದೆಂದು ಬುದ್ಧಿ ಹೇಳುತ್ತಾನೆ. ಪಾಂಡವರಿಗೆ ಧೌಮ್ಯನು ದೊರೆಯುವುದು ಈ ಸಲಹೆಯಿಂದ. ತಪತಿಯ ಕಥೆ, ವಸಿಷ್ಠನ ಕಥೆಗಳನ್ನು ಹೇಳುವವನೂ ಅವನೇ. ಒಂದು ಅಮಾನುಷ ಜನವನ್ನು ರೂಪಿಸಲು ಬೇಕಾದುದೆಲ್ಲ ಈ ಒಂದು ಉಪಾಖ್ಯಾನದಲ್ಲಿ ಅಡಕವಾಗಿದೆ: ಅವರದೇ ಆದ ಕಾಲ, ಅವರದೇ ನೆಲ, ಅವರದೇ ನೋಟ, ಅವರದೇ ಕುದುರೆ, ಸೋಲನ್ನು ಸ್ವೀಕರಿಸುವ ಅವರದೇ ಒಂದು ಘನತೆ.

ವನಪರ್ವದ ಘೋಷಯಾತ್ರೆಯಲ್ಲಿ ಇದೇ ಜನ ಬೇರೊಂದು ಮುಖ ತೋರುತ್ತದೆ. ದ್ವೈತವನದ ಸರೋವರದ ಬಳಿ ವಿಹಾರಗೃಹಗಳನ್ನು ಕಟ್ಟಲು ಬಂದ ದುರ್ಯೋಧನನ ಆಳುಗಳನ್ನು ಗಂಧರ್ವರು ತಡೆಯುತ್ತಾರೆ. ದಿವಿಜರಾದ ತಮಗೆ ಮನುಷ್ಯನೊಬ್ಬ ಸೇವಕರಿಗೆ ಕೊಟ್ಟಂತೆ ಅಪ್ಪಣೆ ಕೊಡುವುದೇ ಎಂಬುದು ಅವರ ಆಕ್ಷೇಪ. ಕರ್ಣ ರಥ ಕಳೆದುಕೊಂಡು ವಿಕರ್ಣನ ರಥವೇರಿ ಹಿಂದೆಗೆಯುತ್ತಾನೆ, ದುರ್ಯೋಧನ ಸೆರೆಯಾಗುತ್ತಾನೆ. ಬಿಡಿಸಲು ಬಂದ ಅರ್ಜುನನಿಗೆ ಎದುರಾಗುವ ಚಿತ್ರಸೇನನೋ ಇಂದ್ರಲೋಕದಲ್ಲಿ ಅವನಿಗೆ ಗೀತನೃತ್ಯಗಳನ್ನು ಕಲಿಸಿದ ಗೆಳೆಯ. ಇಲ್ಲಿ ಗಂಧರ್ವನ ಗರ್ವ ಮಾನವನ ಗರ್ವಕ್ಕೆ ಹಿಡಿದ ಕನ್ನಡಿ.

ವ್ಯಾಸಭಾರತದಲ್ಲಿಲ್ಲದ ಗಯನ ಕಥೆ ಮೂರನೆಯದು. ವಿಮಾನದಲ್ಲಿ ಸಾಗುತ್ತಿದ್ದ ಗಂಧರ್ವ ಕೆಳಗೇನಿದೆ ಎಂದು ನೋಡದೆ ಉಗುಳಿದ ತಾಂಬೂಲ, ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ ಎಂಬುದು ವ್ಯಾಪಕವಾಗಿ ಹೇಳಲಾಗುವ ರೂಪ. ಎತ್ತರದಲ್ಲಿ ಬದುಕುವವರ ಅಲಕ್ಷ್ಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಆದರೆ ‘ಕೃಷ್ಣಾರ್ಜುನ ಕಾಳಗ’ ರಂಗದ ಮೇಲೆ ಬಹುಬೇಗ ಭಾವ-ಮೈದುನರ ವಾಗ್ವಾದವಾಗಿ ಬೆಳೆಯುವುದರಿಂದ ಗಯ ಶರಣಾಗತನಾಗಿ ಹಿಂದೆ ಸರಿಯುತ್ತಾನೆ. ಪ್ರಸಂಗದ ಜನಪ್ರಿಯತೆಗೆ ಅದೇ ಕಾರಣ. ಗಂಧರ್ವ ಪಾತ್ರಕ್ಕೆ ಅದರಿಂದ ಲಾಭವಿಲ್ಲ.

ಈ ದ್ರವ್ಯವನ್ನು ಬಯಲಾಟ ಹೇಗೆ ರೂಪವಾಗಿಸಿತು? ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥ (1959ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದದ್ದು) ವೇಷ, ತಾಳ, ಕುಣಿತಗಳನ್ನು ಒಂದು ವ್ಯವಸ್ಥೆಯಾಗಿ ನೋಡುವ ದಾರಿ ತೋರಿಸಿತು. ಆ ದೃಷ್ಟಿಯಿಂದ ನೋಡಿದಾಗ ಬಡಗುತಿಟ್ಟಿನ ಗಂಧರ್ವ ವೇಷದ ಸ್ಥಾನ ಸ್ಪಷ್ಟವಾಗುತ್ತದೆ. ಅದಕ್ಕೆ ರಾಜವೇಷದ ಕಿರೀಟವಿಲ್ಲ, ಅಭಿಮನ್ಯು ಬಭ್ರುವಾಹನರ ಕೇದಗೆ ಮುಂದಲೆಯೂ ಇಲ್ಲ, ರಾಕ್ಷಸನ ಚುಟ್ಟಿಯೂ ಇಲ್ಲ. ಕಿರಾತನಂತೆ ಗಂಧರ್ವನದೂ ಮುಂಡಾಸಿನ ವೇಷ. ಕಾಡಿನವನನ್ನೂ ಆಕಾಶದವನನ್ನೂ ಒಂದೇ ಬಗೆಯ ಶಿರೋಭೂಷಣದ ಕೆಳಗೆ ತಂದದ್ದು ಆಕಸ್ಮಿಕವಿರಲಾರದು. ಇಬ್ಬರೂ ನಾಡಿನ ರಾಜವ್ಯವಸ್ಥೆಯ ಹೊರಗಿನವರು, ಇಬ್ಬರೂ ತಮ್ಮ ಎಲ್ಲೆಯೊಳಗೆ ಬಂದ ನಾಡವರನ್ನು ತಡೆಯುವವರು. ‘ಅಮಾನುಷ’ ಎಂಬುದನ್ನು ಯಕ್ಷಗಾನ ವಿಚಿತ್ರವಾದ ಅಂಗಾಂಗಗಳಿಂದ ತೋರಿಸಲಿಲ್ಲ. ಒಡ್ಡೋಲಗದ ಕ್ರಮದಿಂದ, ತೆರೆಯ ಮರೆಯಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವ ನಿಧಾನದಿಂದ, ಗುಂಪಾಗಿ ಕುಣಿಯುವ ನಡೆಯಿಂದ ತೋರಿಸಿತು. ಒಬ್ಬ ಗಂಧರ್ವ ಒಂದು ಪಾತ್ರ. ಒಡ್ಡೋಲಗದಲ್ಲಿ ಬರುವ ಗಂಧರ್ವರು ಒಂದು ಜನ. ಈ ವ್ಯತ್ಯಾಸವನ್ನು ಹಳೆಯ ಆಟ ಬಲ್ಲುದಾಗಿತ್ತು.

ಬಯಲುಸೀಮೆಯ ದೊಡ್ಡಾಟ, ಮೂಡಲಪಾಯಗಳಲ್ಲಿ ದಾರಿ ಬೇರೆ. ಅಲ್ಲಿ ಪಾತ್ರ ಪ್ರವೇಶಿಸಿದೊಡನೆ ಸಾರಥಿ ಅದರ ಹೆಸರು, ಊರು, ಕುಲಗಳನ್ನು ವಿಚಾರಿಸುತ್ತಾನೆ. ಮೈಸೂರು ಸೀಮೆಯ ಮೂಡಲಪಾಯವನ್ನು ವಿದ್ವತ್ ಲೋಕದ ಗಮನಕ್ಕೆ ತಂದ ಜೀ.ಶಂ. ಪರಮಶಿವಯ್ಯನವರ ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಗರ್ವಿಷ್ಠನೊಬ್ಬ ತನ್ನ ಮಹಿಮೆಯನ್ನು ಮೊದಲು ಹೇಳಿಕೊಳ್ಳಬೇಕಾದದ್ದು ನಗೆಯಾಡುವ ಸಾರಥಿಯ ಮುಂದೆ ಎಂಬ ಸನ್ನಿವೇಶವೇ ಗರ್ವಕ್ಕೆ ಒಂದು ವಿಮರ್ಶೆ.

ಮಾತಿನ ವಿಷಯಕ್ಕೆ ಬಂದರೆ, ಗಂಧರ್ವನನ್ನು ಕಟ್ಟುವ ನಿಜವಾದ ಹೊಣೆ ಅರ್ಥಧಾರಿಯದು. ತಾಳಮದ್ದಳೆಯಲ್ಲಿ ಮುಂಡಾಸೂ ಇಲ್ಲ, ಕುಣಿತವೂ ಇಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಇರುವುದು ಮಾತೊಂದೇ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಪ್ರತಿನಾಯಕನ ಪಾತ್ರಕ್ಕೂ ಅದರದೇ ತರ್ಕವನ್ನು ಒದಗಿಸುವ ಮಾದರಿಯನ್ನು ಹಾಕಿಕೊಟ್ಟರು. ಆ ಮಾದರಿ ಅಂಗಾರಪರ್ಣನಿಗೆ ಹೇಳಿ ಮಾಡಿಸಿದಂತಿದೆ. ಆದರೆ ಸಾಮಾನ್ಯ ಪ್ರಯೋಗಗಳಲ್ಲಿ ಕೇಳಿಬರುವುದು ‘ಹುಲುಮಾನವ’ ಎಂಬ ಸಂಬೋಧನೆಯ ಆವರ್ತನೆ. ಬೈಗುಳ ಗರ್ವದ ಲಕ್ಷಣವಲ್ಲ, ಅಭದ್ರತೆಯ ಲಕ್ಷಣ. ತನ್ನ ಹಕ್ಕಿನ ಬಗ್ಗೆ ಸಂದೇಹವಿಲ್ಲದವನು ದನಿ ಏರಿಸಬೇಕಾಗಿಲ್ಲ.

ಕನ್ನಡದ ಸರ್ವನಾಮಗಳೇ ಇಲ್ಲಿ ಸೂಕ್ಷ್ಮವಾದ ಸಾಧನವಾಗಬಲ್ಲವು. ಅಂಗಾರಪರ್ಣ ‘ನಾನು ತಡೆಯುತ್ತೇನೆ’ ಎಂದರೆ ಅದು ಒಬ್ಬ ವ್ಯಕ್ತಿಯ ಹಟ. ‘ನಮ್ಮ ಹೊತ್ತಿನಲ್ಲಿ ನೀವು ಇಳಿಯುವಂತಿಲ್ಲ’ ಎಂದರೆ ಎರಡು ಜನಗಳು ಎದುರುಬದುರಾಗಿ ನಿಲ್ಲುತ್ತವೆ. ಈ ‘ನಾವು’ ರಾಜರ ‘ನಾವು’ ಅಲ್ಲ. ಅರಸನದು ಏಕವಚನದ ಅಲಂಕಾರ, ಗಂಧರ್ವನದು ನಿಜವಾದ ಬಹುವಚನ. ಸೋತ ಮೇಲೆ ಅದೇ ಬಾಯಿಂದ ‘ನಾನು’ ಹೊರಡಬೇಕು. ಹೆಸರು ಕಳೆದುಕೊಂಡವನು ತನ್ನ ಕುಲದ ಪರವಾಗಿ ಮಾತಾಡುವ ಅಧಿಕಾರವನ್ನೂ ಕಳೆದುಕೊಂಡಿದ್ದಾನೆ. ಹಾಗೆಯೇ ಅರ್ಜುನನನ್ನು ಕುರಿತ ‘ನೀನು’ ತಿರಸ್ಕಾರದಿಂದ ಸಖ್ಯಕ್ಕೆ ಹೊರಳುವುದನ್ನು, ಪದ ಬದಲಾಗದೆ ಭಾವ ಮಾತ್ರ ಬದಲಾಗುವುದನ್ನು, ಸಮರ್ಥ ಅರ್ಥಧಾರಿ ಕೇಳಿಸಬಲ್ಲ. ಪೀಠಿಕೆಯಲ್ಲಿ ಗಂಧರ್ವಲೋಕದ ವೈಭವವನ್ನು ಪುರಾಣದ ಪಟ್ಟಿಯಂತೆ ಒಪ್ಪಿಸುವುದಕ್ಕಿಂತ ಇದು ಹೆಚ್ಚು ಫಲಕಾರಿ.

ಇನ್ನು ರಾತ್ರಿಯ ಪ್ರಶ್ನೆ. ಬಯಲಾಟ ಮೂಲತಃ ಇರುಳಿಡೀ ನಡೆಯುವ ಆಟ. ದೊಂದಿಯ ಬೆಳಕಿನಲ್ಲಿ, ಸುತ್ತ ಕತ್ತಲೆ ಕವಿದ ಗದ್ದೆಯಲ್ಲಿ ನಿಂತು ಗಂಧರ್ವ ‘ಇರುಳು ನಮ್ಮದು’ ಎಂದಾಗ ಪ್ರೇಕ್ಷಕನಿಗೆ ಅದು ಪುರಾಣದ ಮಾತಾಗಿ ಕೇಳುವುದಿಲ್ಲ. ಅವನೂ ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಹೊರಬಂದು ಕುಳಿತಿದ್ದಾನೆ. ಕೊಳ್ಳಿ ಹಿಡಿದ ಅರ್ಜುನನಿಗೂ ದೊಂದಿಯ ಬೆಳಕಿನಲ್ಲಿ ಕುಳಿತ ಊರವರಿಗೂ ಆ ಕ್ಷಣದಲ್ಲಿ ವ್ಯತ್ಯಾಸ ಕಡಿಮೆ. ಪಾತ್ರದ ವಾದಕ್ಕೆ ಪ್ರಕೃತಿಯೇ ಸಾಕ್ಷಿ ನುಡಿಯುತ್ತಿತ್ತು.

ಮೈಸೂರಿನ ವಿಜಯನಗರದಲ್ಲಿ ಈ ಸಾಕ್ಷಿಯಿಲ್ಲ. ಹಿನಕಲ್ಲಿಗೆ ತಾಗಿಕೊಂಡು ಹಂತಹಂತವಾಗಿ ಬೆಳೆದ ಈ ಬಡಾವಣೆಯಲ್ಲಿ ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತಿನ ಭವನವಿದೆ. ಉದ್ಯೋಗ, ವಿದ್ಯಾಭ್ಯಾಸಗಳ ನಿಮಿತ್ತ ಕರಾವಳಿ, ಮಲೆನಾಡುಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಇಂತಹ ನಗರಭಾಗಗಳಲ್ಲಿ ಯಕ್ಷಗಾನವೆಂದರೆ ಸಂಜೆ ಆರಂಭವಾಗಿ ಊಟದ ಹೊತ್ತಿಗೆ ಮುಗಿಯುವ ಕಾಲಮಿತಿಯ ಪ್ರಯೋಗ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯ ಮಿತಿಯೂ ಉಂಟು. ಅಂಗಾರಪರ್ಣನ ಹೊತ್ತು ಆರಂಭವಾಗುವ ಮೊದಲೇ ಅವನ ಆಟ ಮುಗಿದಿರುತ್ತದೆ! ಇದರಲ್ಲಿ ದೂಷಿಸಬೇಕಾದವರು ಯಾರೂ ಇಲ್ಲ. ಮರುದಿನ ಶಾಲೆಗೆ, ಕಚೇರಿಗೆ ಹೋಗಬೇಕಾದ ಪ್ರೇಕ್ಷಕರು ಬೆಳಗಿನವರೆಗೆ ಕೂರಲಾರರು. ಆಟವೇ ಇಲ್ಲದಿರುವುದಕ್ಕಿಂತ ಮೂರು ಗಂಟೆಯ ಆಟ ಲೇಸು. ಊರು ಬಿಟ್ಟು ಬಂದವರ ಮಕ್ಕಳು ಚೆಂಡೆಯ ದನಿ ಕೇಳಿ ಬೆಳೆಯುವುದು ಇಂತಹ ಸಂಜೆಗಳಿಂದಲೇ. ಪ್ರಶ್ನೆಯಿರುವುದು ಕತ್ತರಿ ಎಲ್ಲಿ ಬೀಳುತ್ತದೆ ಎಂಬುದರಲ್ಲಿ.

ದ್ರೌಪದೀ ಸ್ವಯಂವರದ ಕಥೆಯನ್ನು ಸಂಕ್ಷೇಪಿಸುವಾಗ ಮತ್ಸ್ಯಯಂತ್ರಕ್ಕೆ ತಲುಪುವ ಆತುರವಿರುತ್ತದೆ. ಅಂಗಾರಪರ್ಣನ ಪ್ರಕರಣವನ್ನು ಪೂರ್ತಿ ಬಿಡುವುದು ಒಂದು ದಾರಿ; ಅದು ಪ್ರಾಮಾಣಿಕವಾದ ದಾರಿ. ಒಡ್ಡೋಲಗ ತೆಗೆದು, ಎರಡು ಪದ್ಯಗಳ ವೀರಾವೇಶ, ಒಂದು ಯುದ್ಧ ಕುಣಿತ, ಸೋಲು ಇಷ್ಟನ್ನು ಮಾತ್ರ ಉಳಿಸುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಗಂಧರ್ವ ಅರ್ಜುನನ ಶೌರ್ಯವನ್ನು ಅಳೆಯುವ ಕೋಲಾಗಿ ಬಿಡುತ್ತಾನೆ. ಇದಕ್ಕಿಂತ ಯುದ್ಧವನ್ನೇ ಮೊಟಕುಗೊಳಿಸಿ ವಾದವನ್ನೂ ಕುಂಭೀನಸಿಯ ಪ್ರವೇಶವನ್ನೂ ಉಳಿಸಿಕೊಳ್ಳುವುದು ರಂಗದೃಷ್ಟಿಯಿಂದಲೂ ಲಾಭಕರ. ಕುಣಿತದ ಅವಕಾಶ ಕಡಿಮೆಯಾಗುತ್ತದೆಂಬ ಆಕ್ಷೇಪ ಬರಬಹುದು. ಸ್ವಯಂವರ ಮಂಟಪದ ಕಾಳಗದಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶ ಮುಂದಿದೆ.

ಕುಂಭೀನಸಿ ಚಿಕ್ಕ ಸ್ತ್ರೀವೇಷ. ರಂಗದಲ್ಲಿ ಅವಳಿಗಿರುವುದು ಮೊರೆ ಮಾತ್ರ. ಆದರೆ ಅವಳು ಶರಣು ಹೋಗುವುದು ಗೆದ್ದ ಅರ್ಜುನನಿಗಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಧರ್ಮರಾಜನಿಗೆ. ಮನುಷ್ಯರಲ್ಲಿ ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಆ ಗಡಿಬಿಡಿಯಲ್ಲಿಯೂ ಅವಳು ಗುರುತಿಸಿದ್ದಾಳೆ. ಗಂಡನನ್ನು ಕುರುಡಾಗಿಸಿದ್ದ ಗರ್ವ ಅವಳ ಕಣ್ಣಿಗೆ ಅಡ್ಡ ಬಂದಿಲ್ಲ. ಆ ವೇಷಧಾರಿ ರಂಗಕ್ಕೆ ಬಂದಾಗ ಮೊದಲು ಯಾರ ಮುಖ ನೋಡುತ್ತಾನೆ, ಎಷ್ಟು ಹೊತ್ತು ನೋಡಿ ಯಾರ ಕಡೆಗೆ ತಿರುಗುತ್ತಾನೆ ಎಂಬುದಕ್ಕೆ ಪದ್ಯವೂ ಬೇಡ, ಅರ್ಥವೂ ಬೇಡ. ಮದ್ದಳೆಯ ನಾಲ್ಕು ಪೆಟ್ಟಿನ ಕಾಲಾವಕಾಶ ಸಾಕು.