ನೂರು ಡೋಸಿನ ಸೀಸೆ, ಹನ್ನೊಂದು ಕೋಳಿ

ಹೋದ ವರ್ಷ ಬೇಸಿಗೆಯಲ್ಲಿ ಅವ್ವನ ಕೋಳಿಗಳೆಲ್ಲ ಒಂದೇ ವಾರದಲ್ಲಿ ಸತ್ತವು. ಹನ್ನೊಂದು ಇದ್ದವು. "ಮೊದ್ಲು ಆ ಕರೀ ಹ್ಯಾಟೆ ಮಂಕಾಯ್ತು ಕಣಪ್ಪ. ಹಸ್ರುಗೆ ಬೇಧಿ ಮಾಡ್ತು, ಆಮೇಲೆ ಕತ್ತು ತಿರುಚ್ಕಂಡು ಬಿತ್ತು. ಒಂದರ ಹಿಂದೆ ಒಂದು" ಅಂತ ಫೋನಲ್ಲಿ ಹೇಳಿದಳು. ಆ ಹೊತ್ತಿಗೆ ನಾನು ಬೆಂಗಳೂರಿನ ಆಫೀಸ್ ಕ್ಯಾಂಟೀನಲ್ಲಿ ಚಿಕನ್ ಬಿರಿಯಾನಿ ಮುಂದೆ ಕೂತಿದ್ದೆ. ತಿಂದು ಮುಗಿಸಿದೆ ಅನ್ನೋದನ್ನೂ ಹೇಳಿಬಿಡ್ತೀನಿ.

ಅದು ಕೊಕ್ಕರೆ ರೋಗ. ಪುಸ್ತಕದಲ್ಲಿ ರಾಣಿಖೇತ್ ರೋಗ ಅಂತಾರೆ, ಹಿಮಾಲಯದ ಕಡೆಯ ಆ ಊರಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ. ಹೊರದೇಶದಲ್ಲಿ ಇದೇ ರೋಗಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಹೆಸರು. ಹೊಸ ರೋಗವೇನಲ್ಲ, ಗೊತ್ತಿಲ್ಲದ ರೋಗವೂ ಅಲ್ಲ. ಲಸಿಕೆ ಬಂದು ದಶಕಗಳೇ ಆದವು. ನಮ್ಮ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತೆ, ದುಬಾರಿಯೂ ಅಲ್ಲ.

ಅದೇ ವಾರ ಅವ್ವನ ಮನೆಯಿಂದ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಅರಕಲಗೂಡು ತಾಲೂಕಿನ ನನ್ನ ಸೋದರಮಾವನ ಶೆಡ್ಡಲ್ಲಿ ಐದು ಸಾವಿರ ಫಾರಂ ಕೋಳಿ ಇದ್ದವು. ಅವುಗಳಲ್ಲಿ ಒಂದಕ್ಕೂ ಈ ರೋಗ ಬರಲಿಲ್ಲ. ಮೊದಲ ವಾರದಲ್ಲೇ ಅವಕ್ಕೆ ಲಸಿಕೆ ಆಗಿತ್ತು, ಆಮೇಲೆ ಕುಡಿಯುವ ನೀರಲ್ಲಿ ಇನ್ನೊಂದು ಸಲ. ಯಾವ ದಿನ ಏನು ಅಂತ ಶೆಡ್ಡಿನ ಬಾಗಿಲ ಮೇಲೆ ಚಾರ್ಟ್ ಅಂಟಿಸಿದ್ದಾರೆ. ವಿಜ್ಞಾನವೂ ಒಂದೇ, ಲಸಿಕೆಯೂ ಒಂದೇ. ಇಪ್ಪತ್ತೈದು ಕಿಲೋಮೀಟರ್ ದೂರ ಮಾತ್ರ ಅದು ಬಂದಿರಲಿಲ್ಲ.

ಕೋಳಿ ಸಾಕಣೆ ಬಗ್ಗೆ ಯಾವ ಸೆಮಿನಾರಿಗೆ ಹೋಗಿ, ಯಾವ ಕೈಪಿಡಿ ತೆಗೆದು ನೋಡಿ, ಒಂದು ವಾಕ್ಯ ಇದ್ದೇ ಇರುತ್ತೆ: ಸಂಶೋಧನೆ ಮತ್ತು ಉದ್ಯಮದ ಸಹಯೋಗದಿಂದ ಕುಕ್ಕುಟೋದ್ಯಮಕ್ಕೆ ಬಲ. ಸುಳ್ಳಲ್ಲ. ಆದರೆ ನನಗೆ ಈ ವಾಕ್ಯ ಓದಿದಾಗೆಲ್ಲ, ಯಾರ ಕೋಳಿಗೆ ಬಲ ಅಂತ ಕೇಳಬೇಕು ಅನ್ಸುತ್ತೆ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸೋಣ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ 'ನಾಳಿನ ಕೋಳಿ' ಅಂತ ಒಂದು ಸ್ಪರ್ಧೆ ಮಾಡಿದರು. ಹಣ ಕೊಟ್ಟದ್ದು ಎ ಅಂಡ್ ಪಿ ಅನ್ನೋ ದಿನಸಿ ಅಂಗಡಿಗಳ ಕಂಪನಿ, ಜೊತೆಗೆ ಸರ್ಕಾರದ ಕೃಷಿ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಇದ್ದವು. ಎದೆಮಾಂಸ ಚೆನ್ನಾಗಿ ತುಂಬಿಕೊಂಡ, ಬೇಗ ಬೆಳೆಯುವ ಕೋಳಿ ಯಾರು ತರ್ತಾರೋ ಅವರಿಗೆ ಬಹುಮಾನ. 1948ರಲ್ಲಿ ಗೆದ್ದದ್ದು ವ್ಯಾಂಟ್ರೆಸ್ ಅನ್ನುವವರ ಕೋಳಿ. ಕೆಂಪು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣ ಅದು. ಇವತ್ತಿನ ಕಾಬ್-ವ್ಯಾಂಟ್ರೆಸ್ ಕಂಪನಿಯ ಹೆಸರಿನ ಎರಡನೇ ಅರ್ಧ ಬಂದದ್ದು ಅಲ್ಲಿಂದಲೇ. ನಮ್ಮ ದೇಶದ ಶೆಡ್ಡುಗಳಲ್ಲಿ ಕೇಳಿಬರುವ ವೆಂಕಾಬ್ ಅನ್ನುವ ಹೆಸರಲ್ಲಿ ಇರುವ 'ಕಾಬ್' ಕೂಡ ಅದೇ ಮನೆತನದ್ದು. ಅದರ 'ವೆನ್', 1971ರಲ್ಲಿ ಶುರುವಾದ ವೆಂಕಟೇಶ್ವರ ಹ್ಯಾಚರೀಸ್‌ದು.

ಫಲ ಎಷ್ಟು ಅಂತ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಅಳೆದು ನೋಡಿದ್ದಾರೆ. 1957ರ ತಳಿಯನ್ನು ಹಾಗೇ ಉಳಿಸಿಕೊಂಡಿದ್ದರು. ಅದನ್ನೂ 2005ರ ಬ್ರಾಯ್ಲರನ್ನೂ ಒಂದೇ ಮೇವು ಹಾಕಿ ಸಾಕಿದರು. 56 ದಿನಕ್ಕೆ ಹಳೇದು 905 ಗ್ರಾಂ, ಹೊಸದು 4,202 ಗ್ರಾಂ. ನಮ್ಮ ಫೀಲ್ಡಲ್ಲಿ ಯಾರಾದರೂ ಹಾರ್ಡ್‌ವೇರ್ ಬದಲಾಯಿಸದೆ ಈ ಪ್ರಮಾಣದ ಪರ್ಫಾರ್ಮೆನ್ಸ್ ತಂದರೆ ಟೌನ್‌ಹಾಲ್ ಕರೆದು ಚಪ್ಪಾಳೆ ತಟ್ಟಿಸ್ತಾರೆ. (ಅಷ್ಟು ಬೇಗ ಮೈ ಬಂದರೆ ಕಾಲು, ಹೃದಯ ತಡೆಯುತ್ತಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಇನ್ನೊಂದು ಬರಹವೇ ಬೇಕು.) ನಾವೆಲ್ಲ ಇವತ್ತು ವಾರಕ್ಕೆ ಮೂರು ದಿನ ಚಿಕನ್ ತಿನ್ನೋಕೆ ಆಗ್ತಿರೋದು ಇದರಿಂದ. ನಾನು ಚಿಕ್ಕವನಿದ್ದಾಗ ಕೋಳಿ ಸಾರು ಅಂದ್ರೆ ನೆಂಟರು ಬರಬೇಕಿತ್ತು, ಇಲ್ಲಾ ಹಬ್ಬ ಬರಬೇಕಿತ್ತು.

ಈಗ ಮಾವನ ಶೆಡ್ಡಿಗೆ ಹೋಗೋಣ.

ಮಾವ ಮೊದಲು ಹೊಗೆಸೊಪ್ಪು ಬೆಳೀತಿದ್ದ. ರಾಮನಾಥಪುರದ ಹರಾಜು ಕಟ್ಟೆಗೆ ಬೇಲ್ ಹೊತ್ತು ಹೋಗೋದು, ದರ ಸಿಗದಿದ್ರೆ ಬೈಕೊಂಡು ಬರೋದು. ಬ್ಯಾರನ್ನಿಗೆ ಸೌದೆ ಹೊಂಚೋದೇ ಒಂದು ಜೀವಮಾನದ ಕೆಲಸ. ಬೇಸತ್ತು, ಬ್ಯಾಂಕಲ್ಲಿ ಸಾಲ ತಗೊಂಡು ಶೆಡ್ ಕಟ್ಟಿಸಿ ಒಂದು ಕಂಪನಿ ಜೊತೆ ಕರಾರು ಮಾಡ್ಕೊಂಡ. ಮರಿ ಅವರದು, ಫೀಡು ಅವರದು, ಔಷಧಿ ಅವರದು, ಡಾಕ್ಟರೂ ಅವರದೇ. ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಕುವ ಭತ್ತದ ಹೊಟ್ಟು, ರಾತ್ರಿ ನಿದ್ದೆ ಇವೆಲ್ಲ ಮಾವನದು. ನಲವತ್ತು ದಿನ ಚಿಲ್ಲರೆಗೆ ಎರಡು ಕೆಜಿ ಆಸುಪಾಸು ಬಂದಾಗ ಲಾರಿ ಬಂದು ಎತ್ಕೊಂಡು ಹೋಗುತ್ತೆ. ಮಾವನಿಗೆ ಕೆಜಿಗಿಷ್ಟು ಅಂತ ಸಾಕಾಣಿಕೆ ಕೂಲಿ.

ಇದರಲ್ಲಿ ಒಳ್ಳೇದೂ ಇದೆ. ಮಾರ್ಕೆಟ್ ಬಿದ್ದರೆ ಪೆಟ್ಟು ನೇರ ಮಾವನಿಗೆ ಬೀಳಲ್ಲ. 2020ರ ಮಾರ್ಚಲ್ಲಿ ಕೋಳಿಯಿಂದ ಕೊರೋನಾ ಬರುತ್ತೆ ಅಂತ ವಾಟ್ಸಾಪ್ ಗಾಳಿಮಾತು ಹಬ್ಬಿ ದರ ಪಾತಾಳಕ್ಕೆ ಹೋದಾಗ, ಸ್ವಂತ ಹಣ ಹಾಕಿ ಸಾಕಿದ್ದ ಎಷ್ಟೋ ರೈತರು ಮರಿಗಳನ್ನು ಗುಂಡಿ ತೋಡಿ ಮುಚ್ಚಬೇಕಾಯ್ತು. ಮಾವನಿಗೆ ಆ ಗತಿ ಬರಲಿಲ್ಲ. ಮುಂದಿನ ಬ್ಯಾಚಿನ ಮರಿ ತಡವಾಗಿ ಬಂತು, ಸಾಲದ ಕಂತು ತಡವಾಗಲಿಲ್ಲ, ಅಷ್ಟೇ.

ಆದರೆ ಮಾವನ ಶೆಡ್ಡಲ್ಲಿ ಒಂದು ಕಾರ್ಡ್ ನೇತುಹಾಕಿದ್ದಾರೆ. ದಿನಾ ಬೆಳಗ್ಗೆ ಎಷ್ಟು ಸತ್ತವು, ಎಷ್ಟು ಮೂಟೆ ಫೀಡ್ ಹೋಯ್ತು, ವಾರಕ್ಕೊಮ್ಮೆ ಸರಾಸರಿ ತೂಕ ಎಷ್ಟು ಎಲ್ಲ ಮಾವನೇ ಬರೀತಾನೆ. ಸೂಪರ್‌ವೈಸರ್ ಬಂದು ಫೋಟೋ ಹೊಡ್ಕೊಂಡು ಹೋಗ್ತಾನೆ. ಬ್ಯಾಚ್ ಮುಗಿದ ಮೇಲೆ ಎಫ್‌ಸಿಆರ್ ಅಂತ ಒಂದು ಅಂಕಿ ಬರುತ್ತೆ. ಒಂದು ಕೆಜಿ ಮೈ ಬೆಳೆಯೋಕೆ ಕೋಳಿ ಎಷ್ಟು ಕೆಜಿ ಮೇವು ತಿಂತು ಅನ್ನೋ ಲೆಕ್ಕ. ಅದು ಹೆಚ್ಚಾದರೆ ಕೂಲಿ ಕಟ್. ಮರಿಯೇ ಸೊರಗಿದ್ದರೆ? ಫೀಡೇ ಸರಿಯಿಲ್ಲದಿದ್ದರೆ? "ಅದನ್ನ ಯಾರ ಹತ್ರ ಕೇಳ್ಲಪ್ಪಾ, ನಿಂಗೇ ಗೊತ್ತಾದ್ರೆ ಹೇಳು" ಅಂತಾನೆ ಮಾವ. ಮೂರು ವರ್ಷದ ಹಳೇ ಕಾರ್ಡುಗಳನ್ನ ನಾನು ಒಂದು ಶೀಟಿಗೆ ಹಾಕಿ ನೋಡಿದೆ. ಕಾರಣ ಮಾತ್ರ ಕಾಣಲಿಲ್ಲ. ಯಾಕೆಂದರೆ ಮರಿ ಯಾವ ಹ್ಯಾಚರಿಯದು, ತಾಯಿಕೋಳಿಯ ವಯಸ್ಸೆಷ್ಟು, ಆ ಮೂಟೆ ಫೀಡಲ್ಲಿ ಏನಿತ್ತು ಅನ್ನೋ ಕಾಲಂಗಳು ಇರೋದು ಕಂಪನಿಯ ಸರ್ವರಲ್ಲಿ. ಡೇಟಾ ಎಂಟ್ರಿ ನಮ್ಮದು, ಡ್ಯಾಶ್‌ಬೋರ್ಡ್ ಅವರದು.

ಫೀಡ್ ವಿಷಯ ಬಂತಲ್ಲ, ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ ಗೊತ್ತಿರಬಹುದು. ಬೇರೆ ಯಾವುದೂ ಕೆಲಸ ಮಾಡದಾಗ ಮನುಷ್ಯರಿಗೆ ಕೊಡೋ ಕೊನೇ ಔಷಧಿಗಳಲ್ಲಿ ಒಂದು. ಕೋಳಿ ಬೇಗ ಬೆಳೀಲಿ ಅಂತ ಅದನ್ನ ಮೇವಿಗೆ ಬೆರೆಸ್ತಿದ್ದರು. 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡೋದನ್ನ ನಿಷೇಧಿಸಿತು. ಮೇವಿನ ಕಾರ್ಖಾನೆಯಿಂದ ಏನು ಬರುತ್ತೋ ಅದನ್ನ ಹಾಕುವ ಮಾವನಿಗೆ ಆ ಹೆಸರು ಹೇಳಿದ್ದು ನಾನು. ಮನುಷ್ಯರ ಡಾಕ್ಟರು, ವಿಜ್ಞಾನಿಗಳು ಕೂಗಿದ್ದರಿಂದ ಆದ ನಿಷೇಧ ಇದು. ಇದೂ ಸಂಶೋಧನೆಯೇ, ಆದರೆ ಉದ್ಯಮದ ಸಹಯೋಗ ಅಂತ ಕರೆಯೋಕೆ ಬರಲ್ಲ.

'ನಾಳಿನ ಕೋಳಿ' ಹುಟ್ಟಿದ ಅಮೆರಿಕದಲ್ಲೇ, ಸಾಕುವವನಿಗೆ ಕೊಡುವ ಹಣವನ್ನು ಹೇಗೆ ಲೆಕ್ಕ ಹಾಕ್ತೀರಿ, ಮರಿ-ಮೇವಿನ ವಿವರ ಏನು ಅಂತ ಕಂಪನಿಗಳು ಬರವಣಿಗೆಯಲ್ಲಿ ತಿಳಿಸಬೇಕು ಅನ್ನೋ ನಿಯಮ ಬರೋಕೆ 2023 ಆಗಬೇಕಾಯ್ತು. ನಮ್ಮಲ್ಲಿ ಮಾವನ ಕರಾರಿನ ಪ್ರತಿ ಇಂಗ್ಲಿಷಲ್ಲಿದೆ. ಓದಿ ಹೇಳಿದ್ದೂ ನಾನೇ.

ಇನ್ನು ಅವ್ವನ ಹಿತ್ತಲು. ಅಲ್ಲಿಗೂ ವಿಜ್ಞಾನ ಬಂದಿತ್ತು. ಹೆಸರು ಗಿರಿರಾಜ.

1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಕೋಳಿ ಅದು. ಹೆಬ್ಬಾಳದಲ್ಲಿ ತಯಾರಾದದ್ದು. ಅದರ ರಕ್ತದಲ್ಲಿರುವುದೂ ಕೆಂಪು ಕಾರ್ನಿಷ್, ನ್ಯೂ ಹ್ಯಾಂಪ್‌ಶೈರ್, ಪ್ಲೈಮೌತ್ ರಾಕ್. ಅಂದರೆ ಆ ಅಮೆರಿಕದ ಕೋಳಿಗೆ ದೊಡ್ಡಪ್ಪನ ಮಗ. ಆದರೆ ನಮ್ಮ ವಿಜ್ಞಾನಿಗಳು ಹಾಕಿಕೊಂಡ ಲೆಕ್ಕವೇ ಬೇರೆ. ಶೆಡ್ ಇಲ್ಲದ, ಮೂಟೆ ಫೀಡ್ ಕೊಳ್ಳಲಾಗದ ಮನೆಗೆ ಕೋಳಿ ಬೇಕು. ಬಣ್ಣ ಇರಬೇಕು, ಹಿತ್ತಲಲ್ಲಿ ಕೆದಕಿ ತಿನ್ನಬೇಕು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು ನೂರಾ ಮೂವತ್ತರ ಮೇಲೆ ಇಡಬೇಕು. ಇಟ್ಟಿತು ಕೂಡ. 2005ರಲ್ಲಿ ಸ್ವರ್ಣಧಾರ ಅಂತ ಇನ್ನೂ ಹೆಚ್ಚು ಮೊಟ್ಟೆಯದ್ದು ಬಂತು. ನನ್ನ ಮಟ್ಟಿಗೆ ಕರ್ನಾಟಕದ ಸಾರ್ವಜನಿಕ ವಿಜ್ಞಾನ ಮಾಡಿದ ತುಂಬಾ ಒಳ್ಳೇ ಕೆಲಸಗಳಲ್ಲಿ ಇದೊಂದು, ಮತ್ತು ಇದರ ಬಗ್ಗೆ ನಾವು ಯಾರೂ ಹೆಮ್ಮೆ ಪಡೋದಿಲ್ಲ.

ನಾನು ಮಿಡ್ಲ್ ಸ್ಕೂಲಲ್ಲಿದ್ದಾಗ ಅಪ್ಪ ಹೊಳೆನರಸೀಪುರದಿಂದ ರಟ್ಟಿನ ಡಬ್ಬದಲ್ಲಿ ಆರು ಗಿರಿರಾಜ ಮರಿ ತಂದಿದ್ದ. ಊರಿನವರು ಬಂದು ನೋಡಿಕೊಂಡು ಹೋದರು. ಹುಂಜ ಬೆಳೆದು ನಿಂತಾಗ ನಾಯಿ ಕೂಡ ದಾರಿ ಬಿಡ್ತಿತ್ತು. ಎರಡು ವರ್ಷಕ್ಕೆ ಎಲ್ಲ ಮುಗಿದುಹೋಯ್ತು. ಗಿರಿರಾಜ ಕಾವಿಗೆ ಕೂರಲ್ಲ. ಮೊಟ್ಟೆ ಹೆಚ್ಚಿಡುವ ಕೋಳಿಗೆ ಆ ಗುಣವೇ ಹೋಗಿರುತ್ತೆ. ಅವ್ವ ನಾಟಿ ಹ್ಯಾಟೆ ಅಡಿಯಲ್ಲಿ ಅದರ ಮೊಟ್ಟೆ ಇಟ್ಟು ಮರಿ ಮಾಡಿಸಿದಳು. ಮರಿ ಬಂದವು, ಆದರೆ ತಾಯಿಯಂತೆ ಬರಲಿಲ್ಲ. ಮಿಶ್ರತಳಿ ಅಲ್ವಾ, ಮುಂದಿನ ತಲೆಮಾರಿಗೆ ಗುಣ ಚೆದುರುತ್ತೆ. ಅದೇ ಕೋಳಿ ಬೇಕು ಅಂದ್ರೆ ಮತ್ತೆ ಮರಿ ತರಬೇಕು, ಎಲ್ಲಿಂದ?

ನಾವು ಆಫೀಸಲ್ಲಿ ಡೆಮೋ ಮಾಡಿ ಮುಗಿಸಿ, ಸಪೋರ್ಟ್ ಟೀಮ್ ಇಲ್ಲದೆ ಪ್ರಾಡಕ್ಟ್ ಬಿಟ್ಟರೆ ಏನಾಗುತ್ತೋ ಅದೇ ಆಯ್ತು. ತಳಿ ತಯಾರಿಸೋದು ಅರ್ಧ ಕೆಲಸ. ವರ್ಷವಿಡೀ ತಾಲೂಕು ತಾಲೂಕಿಗೆ ಮರಿ ತಲುಪಿಸೋದು ಉಳಿದರ್ಧ. ಆ ಅರ್ಧಕ್ಕೆ ತಾನೇ ಉದ್ಯಮದ ಸಹಯೋಗ ಬೇಕಿದ್ದದ್ದು? ಹತ್ತು ಮರಿ ಕೊಳ್ಳುವ ಗಿರಾಕಿಗಾಗಿ ಯಾವ ಕಂಪನಿ ಲಾರಿ ಓಡಿಸುತ್ತೆ? ಹೀಗಾಗಿ ಕೋಳಿ ಹೋಗಿ ಹೆಸರು ಉಳಿಯಿತು. ಇವತ್ತು ಟಿವಿಎಸ್ ಮೇಲೆ ಬುಟ್ಟಿ ಕಟ್ಟಿಕೊಂಡು ಬರುವವನ ಪಾಲಿಗೆ ಬಣ್ಣ ಇರೋದೆಲ್ಲ ಗಿರಿರಾಜ. ನೀವು ಸಕಲೇಶಪುರಕ್ಕೆ ವೀಕೆಂಡ್ ಟ್ರಿಪ್ ಹೋಗುವಾಗ ಚನ್ನರಾಯಪಟ್ಟಣ ದಾಟಿದ ಮೇಲೆ 'ನಾಟಿ ಕೋಳಿ ಊಟ' ಅನ್ನೋ ಬೋರ್ಡ್ ನೋಡಿ ನಿಲ್ಲಿಸ್ತೀರಲ್ಲ, ಅಲ್ಲಿ ತಟ್ಟೆಗೆ ಬೀಳೋದು ನಿಜಕ್ಕೂ ನಾಟಿಯೋ ಅಲ್ವೋ ಅಂತ ಅವ್ವ ಒಂದು ತುಣುಕು ಬಾಯಿಗಿಟ್ಟರೆ ಹೇಳ್ತಾಳೆ. ಅವಳನ್ನ ಅಲ್ಲಿಗೆ ಕರ್ಕೊಂಡು ಹೋಗದಿರೋದೇ ವಾಸಿ.

ಲಸಿಕೆಯ ಕಥೆಯೂ ಇದೇ. ಅದು ಸಿಗೋದು ನೂರು, ಇನ್ನೂರು, ಸಾವಿರ ಡೋಸಿನ ಸೀಸೆಯಲ್ಲಿ. ತಣ್ಣಗೆ ಇಡಬೇಕು. ಒಮ್ಮೆ ನೀರು ಬೆರೆಸಿದರೆ ಒಂದೆರಡು ಗಂಟೆಯಲ್ಲಿ ಖಾಲಿ ಮಾಡಬೇಕು. ಮಾವನ ಶೆಡ್ಡಿಗೆ ಇದು ಸಮಸ್ಯೆಯೇ ಅಲ್ಲ. ಅವ್ವನ ಹನ್ನೊಂದು ಕೋಳಿಗೆ? ಆ ಸೀಸೆಯ ಅಳತೆ ನೋಡಿದರೇ ಗೊತ್ತಾಗುತ್ತೆ, ಅದನ್ನ ತಯಾರಿಸುವಾಗ ಯಾರನ್ನ ಮನಸ್ಸಲ್ಲಿ ಇಟ್ಕೊಂಡಿದ್ದರು ಅಂತ.

ಬೇರೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಅವರ ಸಂಗಡಿಗರು ಇದೇ ರೋಗಕ್ಕೆ ಬಿಸಿಲು ತಾಳುವ ಲಸಿಕೆ ತಳಿ ಹುಡುಕಿದರು. ಹೆಸರು ಐ-2. ಅವರ ಸರ್ಕಾರದ ಹಣದಲ್ಲಿ ಆದ ಕೆಲಸ. ಬಡ ದೇಶಗಳು ತಾವೇ ತಯಾರಿಸಿಕೊಳ್ಳಲಿ ಅಂತ ಅದರ ಮೂಲವನ್ನ ಹಂಚಿದರು. ಮೊಜಾಂಬಿಕ್‌ನಂಥ ದೇಶಗಳಲ್ಲಿ ಹಳ್ಳಿ ಹೆಂಗಸರಿಗೆ ತರಬೇತಿ ಕೊಟ್ಟು, ಮನೆ ಮನೆಗೆ ಹೋಗಿ ಕೋಳಿಯ ಕಣ್ಣಿಗೆ ತೊಟ್ಟು ಹಾಕಿಸಿದರು. ಇದು ಬಯಾಲಜಿಗಿಂತ ಹೆಚ್ಚಾಗಿ ಯಾರು, ಯಾವ ದಿನ, ಎಷ್ಟು ದುಡ್ಡಿಗೆ ಅನ್ನೋದನ್ನ ಸರಿಯಾಗಿ ಯೋಚಿಸಿದ ಕೆಲಸ.

ಅಷ್ಟು ದೂರ ಯಾಕೆ, ಹಾಸನದವರಿಗೆ ಇಂಥದ್ದು ಗೊತ್ತಿರದ ವಿದ್ಯೆಯಾ? ಒಂದು ಹಸು ಇರುವ ಮುದುಕಿಯ ಎರಡು ಲೀಟರ್ ಹಾಲನ್ನೂ ಡೈರಿಯಲ್ಲಿ ಅಳೆದು, ಅವಳ ಎದುರಿಗೇ ಫ್ಯಾಟ್ ನೋಡಿ, ದುಡ್ಡು ಬರೆಯುತ್ತಾರೆ. ಅವಳು ಆ ಸಂಘದ ಸದಸ್ಯೆ, ಅವಳಿಗೊಂದು ಓಟಿದೆ. ಹಸುವಿಗೆ ಹುಷಾರಿಲ್ಲ ಅಂದ್ರೆ ಯಾರಿಗೆ ಹೇಳಬೇಕು ಅಂತ ಗೊತ್ತಿದೆ. ಹಾಲಿನ ಲಾರಿ ದಿನಾ ಎರಡು ಹೊತ್ತು ಬರೋ ಊರಿಗೆ ತಿಂಗಳಿಗೊಂದು ದಿನ ಐಸ್ ಪೆಟ್ಟಿಗೆಯಲ್ಲಿ ಒಂದು ಸೀಸೆ ಬರೋಕಾಗಲ್ವಾ? ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಊರೂರಲ್ಲಿ ಡೈರಿ ಇದೆ, ಹೆಬ್ಬಾಳದಲ್ಲಿ ಲಸಿಕೆ ಇದೆ. ಈ ಮೂರನ್ನೂ ಕೂಡಿಸಿದ್ದರೆ ಅದನ್ನ ನಾನು ಸಹಯೋಗ ಅಂತ ಕರೀತಿದ್ದೆ.

ದೀಪಾವಳಿಗೆ ಊರಿಗೆ ಹೋಗುವಾಗ ಹಾಸನದಲ್ಲಿ ಇಳಿದು ಒಂದು ನೂರು ಡೋಸಿನ ಸೀಸೆ ತಗೊಂಡೆ. ಫ್ಲಾಸ್ಕಲ್ಲಿ ಐಸ್ ತುಂಬಿ ಇಟ್ಕೊಂಡು ಬಸ್ಸಲ್ಲಿ ಹೊಳೆನರಸೀಪುರದ ದಾರಿ ಹಿಡಿದೆ. ಹೇಗೆ ಹಾಕೋದು ಅಂತ ಪಶುವೈದ್ಯ ಗೆಳೆಯನೊಬ್ಬ ತೋರಿಸಿಕೊಟ್ಟಿದ್ದ. ಸಂಜೆ ಕೋಳಿಗಳೆಲ್ಲ ಗೂಡಿಗೆ ಬರೋ ಹೊತ್ತಿಗೆ ಅವ್ವ ಮುಂದೆ, ನಾನು ಹಿಂದೆ. "ಬೆಂಗ್ಳೂರಲ್ಲಿ ಇಂಜಿನಿಯರ್ ಕೆಲ್ಸ ಬಿಟ್ಬುಟ್ನಾ ನಿನ್ ಮಗ?" ಅಂತ ಒಬ್ಬ ಅಜ್ಜಿ ಕೇಳಿತು. ಹದಿನಾಲ್ಕು ಮನೆ, ಅರವತ್ತೊಂದು ಕೋಳಿ. ಹಲಸಿನ ಮರದ ತುದಿಯಲ್ಲಿ ಮಲಗುವ ನಾಲ್ಕು ಕೈಗೆ ಸಿಗಲಿಲ್ಲ. ಉಳಿದ ಲಸಿಕೆ ಕತ್ತಲಾಗುವಷ್ಟರಲ್ಲಿ ದಂಡವಾಯ್ತು.

"ಮತ್ತೆ ಯಾವಾಗ ತರ್ತೀಯಾ?" ಅಂತ ಅವ್ವ ಕೇಳಿದಳು. ಆಫೀಸ್ ಕ್ಯಾಲೆಂಡರಲ್ಲಿ ಮೂರು ತಿಂಗಳಿಗೊಮ್ಮೆ 'ಕೋಳಿ' ಅಂತ ಹಾಕಿಟ್ಟಿದ್ದೀನಿ. ಮೊನ್ನೆ ಮ್ಯಾನೇಜರ್ ಅದನ್ನ ನೋಡಿ, ಟೀಮ್ ಲಂಚಾ ಅಂತ ಕೇಳಿದರು.